ಚಳಿಗಾಲದ ಕ್ಯಾರಿಬೂ ಶಿಕಾರಿ: ಏಡಾಕ್, ಹಾಲ್ ರೋಡ್, ಫಾರ್ಟಿಮೈಲ್ – ಯಾರಿಗೆ ಯಾವುದು?

ಪ್ರತಿ ವರ್ಷ ಸೆಪ್ಟೆಂಬರ್ ಮುಗಿಯುತ್ತಿದ್ದ ಹಾಗೆ ನನಗೆ ಮೂರ್ನಾಲ್ಕು ಫೋನ್ ಬರುತ್ತವೆ. ಒಬ್ಬರು ಸಿಯಾಟಲ್‌ನಿಂದ, ಇನ್ನೊಬ್ಬರು ಡಲ್ಲಾಸ್‌ನಿಂದ. ಹೆಚ್ಚಿನವರು ಕೊಡಗಿನವರು, ಇಲ್ಲವೇ ನಮ್ಮ ತೀರ್ಥಹಳ್ಳಿ, ಕೊಪ್ಪದ ಕಡೆಯವರು. ಅಜ್ಜನ ಕೋವಿಯ ಕಥೆ ಕೇಳಿ ಬೆಳೆದವರು. ಊರಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಶಿಕಾರಿ ಅನ್ನುವುದು ಕಥೆಯಾಗಿಯೇ ಉಳಿಯಿತು. ಇಲ್ಲಿ ಅಮೆರಿಕಕ್ಕೆ ಬಂದು ಲೈಸೆನ್ಸ್ ಮಾಡಿಸಿ ಒಂದೆರಡು ಜಿಂಕೆ ಹೊಡೆದಿರುತ್ತಾರೆ. ಈಗ ದೊಡ್ಡದಕ್ಕೆ ಕೈ ಹಾಕುವ ಆಸೆ. "ಮಾರಾಯ್ರೇ, ಚಳಿಗಾಲದಲ್ಲಿ ಕ್ಯಾರಿಬೂ ಹೊಡೆಯೋಕೆ ಅಲಾಸ್ಕಾದಲ್ಲಿ ಎಲ್ಲಿಗೆ ಹೋಗೋದು?"

ಕ್ಯಾರಿಬೂ ಅಂದರೆ ಉತ್ತರದ ಚಳಿನಾಡಿನ ದೊಡ್ಡ ಜಿಂಕೆ. ನಾನು ಅಲಾಸ್ಕಾದ ಆಂಕರೇಜ್‌ಗೆ ಬಂದು 12 ವರ್ಷವಾಯಿತು. ಏಡಾಕ್ ದ್ವೀಪ, ಹಾಲ್ ರೋಡ್ ಅನ್ನುವ ಹೆದ್ದಾರಿ, ಫಾರ್ಟಿಮೈಲ್ ಹಿಂಡು ಓಡಾಡುವ ಕಡೆ, ಈ ಮೂರು ಜಾಗಕ್ಕೂ ಹೋಗಿ ಬಂದಿದ್ದೇನೆ. ಒಂದು ಜಾಗದಿಂದ ಬರಿಗೈಲಿ, ಎರಡು ಜಾಗದಿಂದ ಮಾಂಸದ ಜೊತೆ. ಫೋನ್ ಮಾಡಿದವರಿಗೆ ನಾನು ಮೊದಲು ತಿರುಗಿ ಒಂದೇ ಪ್ರಶ್ನೆ ಕೇಳುತ್ತೇನೆ: "ಮಾಂಸ ಹೇಗೆ ಹೊರಗೆ ತರ್ತೀರಿ?"

ತಮಾಷೆಗೆ ಕೇಳುವುದಲ್ಲ ಇದು. ಈಡು ಹೊಡೆಯುವುದು ಒಂದು ಕ್ಷಣದ ಕೆಲಸ. ಆಮೇಲೆ ಮಂಡಿವರೆಗಿನ ಹಿಮದಲ್ಲಿ ದೊಡ್ಡ ಪ್ರಾಣಿಯೊಂದು ಬಿದ್ದಿರುತ್ತದೆ, ಬೆಳಕು ಇಳಿಯುತ್ತಿರುತ್ತದೆ, ನಿಮ್ಮ ಗಾಡಿ ಎಲ್ಲೋ ಇರುತ್ತದೆ. ಹೆಣ್ಣು ಕ್ಯಾರಿಬೂ ತೂಕ ಸುಮಾರು 80ರಿಂದ 100 ಕಿಲೋ. ಮೂಳೆ ಬಿಡಿಸಿದರೂ 30-40 ಕಿಲೋ ಮಾಂಸ ಸಿಗುತ್ತದೆ. ಅಲಾಸ್ಕಾದ ಕಾನೂನಿನ ಪ್ರಕಾರ ತಿನ್ನಲು ಬರುವುದನ್ನೆಲ್ಲ ತರಲೇಬೇಕು: ನಾಲ್ಕು ಕಾಲು, ಬೆನ್ನಿನ ಎರಡು ಪಟ್ಟಿ, ಒಳಗಿನ ಸೊಂಟದ ಮಾಂಸ, ಕುತ್ತಿಗೆ, ಎದೆ, ಪಕ್ಕೆಲುಬಿನ ಮೇಲಿನದು. ಕೊಂಬು ಕಿತ್ತುಕೊಂಡು ಮಾಂಸ ಬಿಟ್ಟು ಬಂದರೆ ದಂಡ, ಜೈಲು ಎರಡೂ ಆಗಬಹುದು. ಹಾಗಾಗಿ ನಾನು ಈ ಮೂರು ಜಾಗಗಳನ್ನು ಹೋಲಿಸುವುದು ವಾಪಸ್ ಬರುವ ದಾರಿಯ ಲೆಕ್ಕದಲ್ಲಿ. ಕ್ಯಾರಿಬೂ ಎಷ್ಟಿವೆ ಅನ್ನುವುದು ಆಮೇಲಿನ ಮಾತು.

ಕೊಂಬಿನ ಆಸೆ ಇದ್ದರೆ ಚಳಿಗಾಲಕ್ಕೆ ಬರಬೇಡಿ

ಕ್ಯಾರಿಬೂಗಳಲ್ಲಿ ಹೆಣ್ಣಿಗೂ ಕೊಂಬು ಇರುತ್ತದೆ. ಜಿಂಕೆ ಜಾತಿಯಲ್ಲಿ ಇದೊಂದು ವಿಶೇಷ. ಅಕ್ಟೋಬರ್‌ನಲ್ಲಿ ಗಂಡುಗಳು ಬೆದೆಗೆ ಬರುತ್ತವೆ. ಆಗ ಅವಕ್ಕೆ ಮೇವಿನ ಮೇಲೆ ಗಮನ ಇರುವುದಿಲ್ಲ, ಮೈಯ ಕೊಬ್ಬೆಲ್ಲ ಕರಗುತ್ತದೆ, ಮಾಂಸಕ್ಕೆ ಗಬ್ಬು ವಾಸನೆ ಹಿಡಿಯುತ್ತದೆ. ಬೆದೆ ಮುಗಿದು ಚಳಿಗಾಲ ಶುರುವಾಗುವ ಹೊತ್ತಿಗೆ ದೊಡ್ಡ ಗಂಡುಗಳ ಕೊಂಬು ಉದುರಿಹೋಗುತ್ತದೆ. ಬಸುರಿ ಹೆಣ್ಣುಗಳು ಮಾತ್ರ ಮೇ ತಿಂಗಳ ಕೊನೆಗೆ ಕರು ಹಾಕುವವರೆಗೂ ಕೊಂಬು ಉಳಿಸಿಕೊಳ್ಳುತ್ತವೆ. ಹಿಮ ಕೆದಕಿ ಮೇವು ಹುಡುಕಿದ ಗುಂಡಿಯಿಂದ ಬೇರೆಯವರನ್ನು ಓಡಿಸೋಕೆ ಅದು ಬೇಕಲ್ವಾ.

ಅಂದರೆ ಫೆಬ್ರವರಿಯಲ್ಲಿ ದೂರದಿಂದ ಕೊಂಬು ಕಂಡರೆ ಅದು ಹೆಣ್ಣೋ, ಎಳೆ ಗಂಡೋ ಆಗಿರುತ್ತದೆ. ಗೋಡೆಗೆ ಹಾಕುವ ಕೊಂಬು ಬೇಕಾದವರು ಆಗಸ್ಟ್ ಕೊನೆಗೆ ಬರಬೇಕು. ಊಟಕ್ಕೆ ಬೇಕಾದವರಿಗೆ ಚಳಿಗಾಲವೇ ಸರಿ. ಕೊಬ್ಬಿರುವ ಹೆಣ್ಣಿನ ಮಾಂಸಕ್ಕೆ ಸಮ ಇಲ್ಲ ಅಂತ ನನ್ನ ನಾಲಿಗೆ ಹೇಳುತ್ತದೆ.

ಆದರೆ ಗಂಡು-ಹೆಣ್ಣು ಗುರುತು ಹಿಡಿಯಲು ಕಲಿಯಬೇಕು. ಕೆಲವು ಕಡೆ ಗಂಡಿಗೆ ಮಾತ್ರ ಅನುಮತಿ, ಇನ್ನು ಕೆಲವು ಕಡೆ ಕಾಲಕ್ಕೆ ತಕ್ಕ ಹಾಗೆ ಬದಲಾಗುತ್ತದೆ. ಕೊಂಬು ನೋಡಿ ತೀರ್ಮಾನ ಮಾಡಬಾರದು. ಬೈನಾಕ್ಯುಲರ್‌ನಲ್ಲಿ ಹಿಂಭಾಗ ನೋಡಿ. ಬಾಲದ ಕೆಳಗೆ ಬಿಳಿಯ ನಡುವೆ ಕಪ್ಪು ಮಚ್ಚೆ ಕಂಡರೆ ಹೆಣ್ಣು. ಪಕ್ಕದಿಂದ ನೋಡಿದಾಗ ಹೊಟ್ಟೆಯಡಿ ಕೂದಲಿನ ಕುಚ್ಚು ಜೋತಾಡುತ್ತಿದ್ದರೆ ಗಂಡು. ಎರಡೂ ಸರಿಯಾಗಿ ಕಾಣಲಿಲ್ಲವೇ? ಕೋವಿ ಇಳಿಸಿ, ಕಾಯಿರಿ.

ಮೊದಲು ನೀವು ಯಾರು ಅಂತ ನೋಡಿಕೊಳ್ಳಿ

ಅರ್ಧಕ್ಕರ್ಧ ಆಯ್ಕೆ ಕಾಗದಪತ್ರದಲ್ಲೇ ಮುಗಿದುಹೋಗುತ್ತದೆ. ಅಲಾಸ್ಕಾದಲ್ಲಿ 12 ತಿಂಗಳು ಒಂದೇ ಸಮ ನೆಲೆಸಿ, ಇಲ್ಲೇ ಉಳಿಯುವ ಉದ್ದೇಶ ಇರುವವರು ರೆಸಿಡೆಂಟ್. ಅಮೆರಿಕದ ಪೌರತ್ವ ಇರಲೇಬೇಕು ಅಂತಿಲ್ಲ. ರೆಸಿಡೆಂಟ್‌ಗೆ ಬೇಟೆ ಲೈಸೆನ್ಸ್ 45 ಡಾಲರ್. ಬೇರೆ ರಾಜ್ಯದಲ್ಲಿರುವವರು ನಾನ್‌ರೆಸಿಡೆಂಟ್: ಲೈಸೆನ್ಸ್ 160, ಅದರ ಮೇಲೆ ಕ್ಯಾರಿಬೂ ಟ್ಯಾಗ್ (ಹೊಡೆದ ಪ್ರಾಣಿಗೆ ಹಾಕುವ ಗುರುತು) 650. ಇಂಡಿಯಾದಿಂದ ಬರುವವರು ನಾನ್‌ರೆಸಿಡೆಂಟ್ ಏಲಿಯನ್: ಲೈಸೆನ್ಸ್ 630, ಟ್ಯಾಗ್ 850. ದುಡ್ಡು ಕಟ್ಟುವ ಮುಂಚೆ ಈ ವರ್ಷದ ದರ ಒಮ್ಮೆ ನೋಡಿಕೊಳ್ಳಿ.

ಈ ಮೂರನೆಯ ಗುಂಪಿನವರಿಗೆ ಇನ್ನೊಂದು ಕಟ್ಟು ಇದೆ. ದೊಡ್ಡ ಪ್ರಾಣಿ ಯಾವುದೇ ಇರಲಿ, ಅಲಾಸ್ಕಾ ಲೈಸೆನ್ಸ್ ಇರುವ ಗೈಡ್ ಜೊತೆಗೇ ಬೇಟೆಯಾಡಬೇಕು. "ನನ್ನ ತಮ್ಮ ಶಿವಮೊಗ್ಗದಿಂದ ಬರ್ತಾನೆ, ನಾನು ರೆಸಿಡೆಂಟ್ ಇದ್ದೀನಲ್ಲ, ನನ್ನ ಜೊತೆ ಬಂದ್ರೆ ಸಾಕಲ್ವಾ?" ಸಾಕಾಗುವುದಿಲ್ಲ. ನೆಂಟಸ್ತಿಕೆಯ ವಿನಾಯಿತಿ ಇಲ್ಲಿ ನಡೆಯುವುದಿಲ್ಲ. ತಮ್ಮ ಬರಲಿ, ಮಾಂಸ ಹೊರಲಿ, ಚಹಾ ಕಾಯಿಸಲಿ. ಕೋವಿ ಮಾತ್ರ ಅವನ ಕೈಗೆ ಹೋಗುವ ಹಾಗಿಲ್ಲ.

ಎಚ್-1ಬಿಯಂಥ ವೀಸಾದಲ್ಲಿ ಅಮೆರಿಕದಲ್ಲಿ ಇರುವವರು ಒಂದು ವಿಷಯ ಗಟ್ಟಿಯಾಗಿ ನೆನಪಿಡಬೇಕು. ಫೆಡರಲ್ ಕಾನೂನಿನಲ್ಲಿ ನಿಮಗೆ ಬಂದೂಕು, ತೋಟೆ ಇಟ್ಟುಕೊಳ್ಳುವುದೇ ನಿಷಿದ್ಧ. ಅದಕ್ಕಿರುವ ವಿನಾಯಿತಿಗಳಲ್ಲಿ ಒಂದು, ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್. ಲೈಸೆನ್ಸ್ ಅವಧಿ ಮುಗಿದ ಮರುದಿನ ಮನೆಯಲ್ಲಿ ಕೋವಿ ಇದ್ದರೂ ತಪ್ಪೇ. ಗ್ರೀನ್‌ಕಾರ್ಡ್ ಇದ್ದವರಿಗೆ ಈ ತಲೆನೋವಿಲ್ಲ. ವೀಸಾ ವಿಷಯದಲ್ಲಿ "ಏನೂ ಆಗಲ್ಲ ಬಿಡಿ" ಅನ್ನುವವರ ಮಾತು ಕೇಳಬೇಡಿ. ಅವರ ವೀಸಾ ಅಲ್ಲವಲ್ಲ.

ಈಗ ಜಾಗಗಳಿಗೆ ಬರೋಣ.

ಏಡಾಕ್: ಗಾಳಿಯ ದ್ವೀಪ

ಬೇರೆ ರಾಜ್ಯದಿಂದ ಬರುವವರಿಗೆ ನಾನು ಎರಡನೇ ಮಾತಿಲ್ಲದೆ ಹೇಳುವುದು ಏಡಾಕ್. ಆಂಕರೇಜ್‌ನಿಂದ ನೈರುತ್ಯಕ್ಕೆ ಸುಮಾರು 1,200 ಮೈಲಿ ದೂರ, ಅಲ್ಯೂಷಿಯನ್ ದ್ವೀಪಸಾಲಿನಲ್ಲಿ. ನಕ್ಷೆಯಲ್ಲಿ ನೋಡಿದರೆ ಇದೇನು ರಷ್ಯಾನಾ ಅನ್ನಿಸುತ್ತದೆ.

ಅಲ್ಲಿನ ಕ್ಯಾರಿಬೂ ಅಲ್ಲಿಯದಲ್ಲ. ನೌಕಾಪಡೆಯ ದೊಡ್ಡ ನೆಲೆ ಇದ್ದ ಕಾಲದಲ್ಲಿ, 1958 ಮತ್ತು 1959ರಲ್ಲಿ, ಒಳನಾಡಿನ ನೆಲ್ಚಿನಾ ಹಿಂಡಿನಿಂದ 23 ಕರುಗಳನ್ನು ತಂದು ಬಿಟ್ಟರು. ಸೈನಿಕರಿಗೆ ಬೇಟೆಯೂ ಆಯಿತು, ಊಟವೂ ಆಯಿತು. ತೋಳ ಇಲ್ಲ, ಕರಡಿ ಇಲ್ಲ, ಮೇವು ಸಮೃದ್ಧ. ದೇಹ ದೊಡ್ಡದಾಯಿತು. ಅಲ್ಲಿನ ಗಂಡುಗಳು 300 ಕಿಲೋ ಮುಟ್ಟುತ್ತವೆ. ಒಳನಾಡಿನ ಗಂಡು 160-180 ಕಿಲೋ ಇದ್ದರೆ ದೊಡ್ಡದು. 1997ರಲ್ಲಿ ನೌಕಾನೆಲೆ ಮುಚ್ಚಿತು, ಬೇಟೆಗಾರರು ಕಡಿಮೆಯಾದರು, ಹಿಂಡು ಬೆಳೆಯಿತು. 2012ರ ಎಣಿಕೆಯಲ್ಲಿ 2,500ಕ್ಕಿಂತ ಜಾಸ್ತಿ ಇದ್ದವು. ಕೆಲವು ಈಜಿ ಪಕ್ಕದ ಕಾಗಲಾಸ್ಕ ದ್ವೀಪಕ್ಕೂ ಹೋದವು. ದ್ವೀಪದ ಬಹುಪಾಲು ವನ್ಯಜೀವಿ ಧಾಮ. ಹೊರಗಿನಿಂದ ಬಂದ ಪ್ರಾಣಿ ಅಲ್ಲಿನ ಗಿಡಗಂಟಿಯನ್ನೆಲ್ಲ ಮೇಯುತ್ತಿದೆ ಅನ್ನುವ ಚಿಂತೆ ಧಾಮದವರದು. ಹಾಗಾಗಿ ಇಲ್ಲಿ ಹೆಣ್ಣಿಗೆ ವರ್ಷವಿಡೀ ಸೀಸನ್, ಲೆಕ್ಕದ ಮಿತಿ ಇಲ್ಲ, ನಾನ್‌ರೆಸಿಡೆಂಟ್‌ಗೂ ಬಾಗಿಲು ತೆರೆದಿದೆ. ಗಂಡಿಗೆ ಮಾತ್ರ ಮಿತಿ ಇದೆ. (ಮಿತಿ ಇಲ್ಲ ಅಂದ ಮಾತ್ರಕ್ಕೆ ಐದು ಹೊಡೆಯಬೇಡಿ. ಹೊರುವವರು ನೀವೇ.)

ಇನ್ನೊಂದು ಅನುಕೂಲ. ಅಲಾಸ್ಕಾದಲ್ಲಿ ವಿಮಾನದಲ್ಲಿ ಬಂದ ದಿನವೇ ಬೇಟೆಯಾಡುವ ಹಾಗಿಲ್ಲ, ಮರುದಿನ ಬೆಳಗಿನ ಜಾವ 3 ಗಂಟೆ ದಾಟಬೇಕು. ಆ ನಿಯಮ ಸಣ್ಣ ಬಾಡಿಗೆ ವಿಮಾನಗಳಿಗೆ. ಏಡಾಕ್‌ಗೆ ಹೋಗುವುದು ವೇಳಾಪಟ್ಟಿಯ ಜೆಟ್. ಇಳಿದ ದಿನವೇ ಹೊರಡಬಹುದು. ಆದರೆ ಆ ಜೆಟ್ ವಾರಕ್ಕೆ ಎರಡೇ ಸಲ. ಟಿಕೆಟ್‌ಗೆ ನಾನು ಕೊಟ್ಟ ದುಡ್ಡಲ್ಲಿ ಹವಾಯಿಗೆ ಗಂಡ-ಹೆಂಡತಿ ಇಬ್ಬರೂ ಹೋಗಿ ಬರಬಹುದಿತ್ತು. ನನ್ನ ಹೆಂಡತಿ ಇದನ್ನು ಈಗಲೂ ನೆನಪಿಸುತ್ತಾಳೆ.

ಚಳಿಯ ಭಯ ಇಲ್ಲಿ ಬೇಡ. ಜನವರಿಯಲ್ಲೂ ಸೊನ್ನೆ ಡಿಗ್ರಿ ಆಸುಪಾಸು. ಭಯ ಬೇಕಾದದ್ದು ಗಾಳಿಗೆ. ಬೆಟ್ಟದಿಂದ ಸಮುದ್ರದ ಕಡೆಗೆ ಇದ್ದಕ್ಕಿದ್ದಂತೆ ನುಗ್ಗುವ ಬಿರುಗಾಳಿಯನ್ನು ಅಲ್ಲಿ ವಿಲಿವಾ ಅನ್ನುತ್ತಾರೆ. ನಿಂತವನನ್ನು ಕೂರಿಸಿಬಿಡುತ್ತದೆ. ಮಳೆ, ಹಿಮ, ಆಲಿಕಲ್ಲು, ಬಿಸಿಲು ಎಲ್ಲವೂ ಒಂದೇ ಗಂಟೆಯೊಳಗೆ. ಮರ ಅನ್ನುವುದೇ ಇಲ್ಲ. ಯುದ್ಧಕಾಲದಲ್ಲಿ ನೆಟ್ಟ ಪೈನ್ ಗಿಡಗಳ ಒಂದು ಪುಟ್ಟ ಗುಂಪಿದೆ, ಅದಕ್ಕೆ "ಏಡಾಕ್ ರಾಷ್ಟ್ರೀಯ ಅರಣ್ಯಕ್ಕೆ ಬರುತ್ತಿದ್ದೀರಿ, ಹೊರಗೆ ಹೋಗುತ್ತಿದ್ದೀರಿ" ಅಂತ ಒಂದೇ ಬೋರ್ಡು. ಅಲ್ಲಿನವರ ಹಾಸ್ಯ.

ಊರು ನೋಡಿದರೆ ಮನಸ್ಸು ಒಂಥರಾ ಆಗುತ್ತದೆ. 6,000 ಜನ ಇದ್ದ ಜಾಗದಲ್ಲಿ 2020ರ ಜನಗಣತಿಯಲ್ಲಿ ಇದ್ದದ್ದು 171. ಕಿಟಕಿ ಒಡೆದ ಮನೆಗಳ ಸಾಲು, ಯಾವತ್ತೋ ಮುಚ್ಚಿದ ಮೆಕ್‌ಡೊನಾಲ್ಡ್ಸ್. ಸರಿಯಾಗಿರುವ ಮನೆಗಳನ್ನು ಬಾಡಿಗೆಗೆ ಕೊಡುತ್ತಾರೆ. ಹೀಟರ್, ಫ್ರೀಜರ್ ಇರುತ್ತದೆ. ಗಾಡಿಯೂ ಬಾಡಿಗೆಗೆ ಸಿಗುತ್ತದೆ. ನಮಗೆ ಸಿಕ್ಕಿದ ಪಿಕಪ್‌ನ ವೈಪರ್ ಎರಡನೇ ದಿನವೇ ಗಾಳಿಗೆ ಕಿತ್ತುಹೋಯಿತು. ಆಮೇಲೆ ತಲೆ ಹೊರಗೆ ಹಾಕಿಯೇ ಓಡಿಸಿದ್ದು. ಅಂಗಡಿ ಇದೆ, ಆದರೆ ಅದನ್ನು ನಂಬಿ ಹೋಗಬೇಡಿ. ಅಕ್ಕಿ, ಬೇಳೆ, ಉಪ್ಪಿನಕಾಯಿ ಜೊತೆಗೇ ಒಯ್ಯಿರಿ.

ಬೆಟ್ಟದಲ್ಲಿ ಹಿಮ ಜಾಸ್ತಿಯಾದರೆ ಕ್ಯಾರಿಬೂ ಕೆಳಗಿಳಿಯುತ್ತವೆ. ಕೆಲವೊಮ್ಮೆ ರಸ್ತೆಯಿಂದಲೇ ಕಾಣುತ್ತವೆ. ಚಳಿಗಾಲದಲ್ಲಿ ಹೋಗುವುದರ ಲಾಭವೇ ಅದು. ದ್ವೀಪದ ಉತ್ತರ ಭಾಗದ ನೆಲ ಅಲ್ಯೂಟ್ ಕಾರ್ಪೊರೇಷನ್ ಅನ್ನುವ ಮೂಲನಿವಾಸಿಗಳ ಕಂಪನಿಯದು. ಅಲ್ಲಿ ಓಡಾಡಲು ಅವರ ಪರ್ಮಿಟ್ ತೆಗೆದುಕೊಳ್ಳಬೇಕು. ಎರಡನೇ ಮಹಾಯುದ್ಧದ ಸಿಡಿಯದ ಮದ್ದುಗುಂಡು ಇರುವ ಜಾಗಗಳಿಗೆ ಬೋರ್ಡು ಹಾಕಿದ್ದಾರೆ, ಆ ಕಡೆ ಹೋಗಲೇಬಾರದು. ಹುಲ್ಲಿನೊಳಗೆ ತುಕ್ಕು ಹಿಡಿದ ಕಬ್ಬಿಣದ ಮೊಳೆಗೂಟಗಳೂ ಇವೆ. ತಂತಿಬೇಲಿಗೆಂದು ಆಗ ಹೊಡೆದದ್ದು, ಬೂಟು ತೂರಿ ಪಾದಕ್ಕೆ ಇಳಿಯುವಂಥವು. ಕಾಲಿಡುವ ಜಾಗ ನೋಡಿ ನಡೆಯಿರಿ.

ಇನ್ನು ಹೊರುವ ವಿಷಯ. ಏಡಾಕ್‌ನ ನೆಲ ಗಟ್ಟಿ ಹೆಪ್ಪುಗಟ್ಟುವುದಿಲ್ಲ. ಹುಲ್ಲಿನ ಗುಡ್ಡೆ, ನಡುವೆ ನೀರು. ನಾಟಿ ಮಾಡಿದ ಗದ್ದೆಯಲ್ಲಿ ಭತ್ತದ ಮೂಟೆ ಹೊತ್ತು ನಡೆದು ನೋಡಿ, ಅದೇ ಅನುಭವ. ನಮ್ಮ ಲೆಕ್ಕ: ರಸ್ತೆಯಿಂದ ಮೂರು ಕಿಲೋಮೀಟರ್ ದಾಟಿ ಹೊಡೆಯುವುದಿಲ್ಲ, ಎಷ್ಟೇ ಚೆನ್ನಾಗಿ ಕಂಡರೂ. ಮನೆಗೆ ತಂದ ಮೇಲೆ ಸುಲಭ. ಹೊರಗಿನ ಗಾಳಿಯೇ ಫ್ರಿಜ್. ಎರಡು ದಿನ ತೂಗುಹಾಕಿ, ಮೂಳೆ ಬಿಡಿಸಿ, ಮೇಣದ ರಟ್ಟಿನ ಮೀನಿನ ಪೆಟ್ಟಿಗೆಯಲ್ಲಿ 50 ಪೌಂಡ್ ತುಂಬಿಸಿ, ಲಗೇಜ್ ಆಗಿ ಹಾಕುವುದು. ಸಿಯಾಟಲ್‌ವರೆಗೂ ಕೆಡದೆ ಬರುತ್ತದೆ.

ನಾವು ಹೋದ ವರ್ಷ ವಾಪಸ್ ಬರಬೇಕಾದ ವಿಮಾನ ಏಡಾಕ್‌ನ ಮೇಲೆ ಎರಡು ಸುತ್ತು ಹೊಡೆದು, ಇಳಿಯಲಾಗದೆ ಹಾಗೇ ತಿರುಗಿ ಹೋಯಿತು. ಸದ್ದು ಕೇಳಿಸುತ್ತಿತ್ತು, ವಿಮಾನ ಕಾಣಿಸುತ್ತಿರಲಿಲ್ಲ. ಇನ್ನೂ ನಾಲ್ಕು ದಿನ ಅಲ್ಲೇ. ಆಫೀಸಿನಲ್ಲಿ ರಜೆ ಕೇಳುವಾಗ ಒಂದು ವಾರ ಜಾಸ್ತಿ ಕೇಳಿ. ಬಿಪಿ ಮಾತ್ರೆ, ಶುಗರ್ ಮಾತ್ರೆ ತೆಗೆದುಕೊಳ್ಳುವವರು ಎರಡು ವಾರದ್ದು ಜಾಸ್ತಿ ಇಟ್ಟುಕೊಳ್ಳಿ.

ಹಾಲ್ ರೋಡ್: ಫೋಟೋದಲ್ಲಿ ಚೆಂದ

ಡಾಲ್ಟನ್ ಹೆದ್ದಾರಿಯನ್ನು ಇಲ್ಲಿ ಎಲ್ಲರೂ ಕರೆಯುವುದು ಹಾಲ್ ರೋಡ್ ಅಂತ. ತೈಲದ ಪೈಪ್‌ಲೈನ್ ಹಾಕಲು 1974ರಲ್ಲಿ ಮಾಡಿದ 414 ಮೈಲಿ ದಾರಿ. ಫೇರ್‌ಬ್ಯಾಂಕ್ಸ್‌ನ ಉತ್ತರಕ್ಕೆ 84 ಮೈಲಿಯಲ್ಲಿ ಶುರುವಾಗಿ ಆರ್ಕ್ಟಿಕ್ ಸಮುದ್ರದ ಹತ್ತಿರದ ಡೆಡ್‌ಹಾರ್ಸ್‌ವರೆಗೆ ಹೋಗುತ್ತದೆ. ಯಾರು ಬೇಕಾದರೂ ಗಾಡಿ ಓಡಿಸಿಕೊಂಡು ಹೋಗಬಹುದು. ಅದಕ್ಕೇ ಎಲ್ಲರ ಕಣ್ಣೂ ಮೊದಲು ಇದರ ಮೇಲೆ.

ನನಗೆ ಚಳಿಗಾಲದಲ್ಲಿ ಇದು ಬೇಡ. ಕಾರಣ ಹೇಳುತ್ತೇನೆ.

ಯೂಕಾನ್ ನದಿ ದಾಟಿದ ಮೇಲೆ ಸಮುದ್ರದವರೆಗೂ ರಸ್ತೆಯ ಎರಡೂ ಕಡೆ ಐದೈದು ಮೈಲಿ ದೊಡ್ಡ ಪ್ರಾಣಿಗೆ ಬಿಲ್ಲುಬಾಣ ಮಾತ್ರ. ಬಂದೂಕು ನಡೆಯುವುದಿಲ್ಲ. ಬಿಲ್ಲಿಗೂ ತರಬೇತಿಯ ಸರ್ಟಿಫಿಕೇಟ್ ಬೇಕು. ರಸ್ತೆಯಿಂದ ಸ್ನೋಮಷೀನ್ (ಹಿಮದ ಮೇಲೆ ಓಡುವ ಸ್ಕೂಟರಿನಂಥ ಗಾಡಿ) ಇಳಿಸಿಕೊಂಡು ಬೇಟೆಗೆ ಹೋಗುವಂತಿಲ್ಲ. ಕೋವಿ ಬೇಕು ಅಂದರೆ ಐದು ಮೈಲಿ, ಅಂದರೆ 8 ಕಿಲೋಮೀಟರ್, ಕಾಲ್ನಡಿಗೆಯಲ್ಲೋ ಸ್ಕೀಯಲ್ಲೋ ದಾಟಬೇಕು. ಲೆಕ್ಕ ಹಾಕಿ ನೋಡಿ. ಒಬ್ಬನೇ ಹೋಗಿ ಒಂದು ಕ್ಯಾರಿಬೂವನ್ನು ಮೂರು ಹೊರೆ ಮಾಡಿ ತಂದರೆ, ಮೂರು ಸಲ ಹೊತ್ತು ಬರುವುದು, ನಡುವೆ ಎರಡು ಸಲ ಬರಿಗೈಲಿ ಹೋಗುವುದು. 40 ಕಿಲೋಮೀಟರ್. ಮೊದಲು ಹೋದ 8 ಬೇರೆ. ಹಿಮದ ಮೇಲೆ ಜಾರುವ ಸಣ್ಣ ಸ್ಲೆಡ್ ಬಂಡಿ ಎಳೆದರೆ ಇದು ಅರ್ಧಕ್ಕೆ ಇಳಿಯುತ್ತದೆ, ನಿಜ. ಆದರೂ ಮೈನಸ್ 30ರಲ್ಲಿ ಬೆವರುತ್ತಾ ಎಳೆದು, ನಿಂತ ಕೂಡಲೇ ಆ ಬೆವರು ಮಂಜುಗಡ್ಡೆಯಾಗುವುದನ್ನು ಅನುಭವಿಸಿದವರಿಗೇ ಗೊತ್ತು.

ಬಿಲ್ಲು ಅಂದಿರಾ? ಬೋಳು ಬಯಲಿನಲ್ಲಿ 40 ಮೀಟರ್ ಹತ್ತಿರ ಹೋಗಬೇಕು. ಹಿಮ ಒಂದೊಂದು ಹೆಜ್ಜೆಗೂ ಹಪ್ಪಳ ಮುರಿದ ಹಾಗೆ ಸದ್ದು ಮಾಡುತ್ತದೆ. ದಪ್ಪ ಜಾಕೆಟ್ ತೋಳಿಗೆ ದಾರ ತಗಲುತ್ತದೆ. ನಾನು ಮೂರು ದಿನ ಹೀಗೆ ಹೊಟ್ಟೆಯ ಮೇಲೆ ತೆವಳಿದೆ. ಕ್ಯಾರಿಬೂಗಳು ನನ್ನನ್ನು ನೋಡಿ ಓಡಲೂ ಇಲ್ಲ, ಸುಮ್ನೆ ಎದ್ದು ಇನ್ನೂರು ಮೀಟರ್ ಆಚೆ ಹೋಗಿ ಮತ್ತೆ ಮೇಯುತ್ತಿದ್ದವು.

ಬೆಳಕೂ ಇಲ್ಲ. ಡೆಡ್‌ಹಾರ್ಸ್‌ನಲ್ಲಿ ನವೆಂಬರ್ ಕೊನೆಯಿಂದ ಜನವರಿ ನಡುವಿನವರೆಗೆ ಸೂರ್ಯ ಹುಟ್ಟುವುದೇ ಇಲ್ಲ. ಈ ದಾರಿಯ ಪಕ್ಕದ ಪ್ರಾಸ್ಪೆಕ್ಟ್ ಕ್ರೀಕ್‌ನಲ್ಲೇ 1971ರ ಜನವರಿ 23ರಂದು ಮೈನಸ್ 62 ಡಿಗ್ರಿ ದಾಖಲಾಗಿದ್ದು. ಅಮೆರಿಕ ದೇಶಕ್ಕೇ ಅದು ದಾಖಲೆ. ಕೋಲ್ಡ್‌ಫುಟ್ ದಾಟಿದ ಮೇಲೆ 240 ಮೈಲಿ ಪೆಟ್ರೋಲ್ ಇಲ್ಲ, ಊಟ ಇಲ್ಲ, ಮೆಕ್ಯಾನಿಕ್ ಇಲ್ಲ. ನಡುವೆ 4,739 ಅಡಿಯ ಅಟಿಗನ್ ಕಣಿವೆದಾರಿ, ಹಿಮ ಕುಸಿಯುವ ಜಾಗ. ದೊಡ್ಡ ಟ್ರಕ್‌ಗಳಿಗೆ ದಾರಿ ಬಿಡುತ್ತಾ ಸಾಗಬೇಕು. ಎರಡು ಸ್ಟೆಪ್ನಿ, ಟ್ರಕ್‌ನವರ ಜೊತೆ ಮಾತಾಡಲು ಸಿಬಿ ರೇಡಿಯೊ ಇಲ್ಲದೆ ಹೊರಡುವುದು ಬುದ್ಧಿವಂತಿಕೆ ಅಲ್ಲ.

ಅಷ್ಟಾದರೂ ಕ್ಯಾರಿಬೂ ಇರುತ್ತವಾ ಅಂದರೆ, ಅಲ್ಲಿನ ಸೆಂಟ್ರಲ್ ಆರ್ಕ್ಟಿಕ್ ಹಿಂಡು ಚಳಿಗಾಲಕ್ಕೆ ಬಹುಪಾಲು ಬ್ರೂಕ್ಸ್ ಬೆಟ್ಟಸಾಲಿನ ಕಡೆಗೆ, ಅದನ್ನೂ ದಾಟಿ ದಕ್ಷಿಣಕ್ಕೆ ಚದುರಿಹೋಗುತ್ತದೆ. 2010ರ ಸುಮಾರಿಗೆ 70,000ದ ಹತ್ತಿರ ಇದ್ದ ಹಿಂಡು 2016ಕ್ಕೆ 22,000ದ ಆಸುಪಾಸಿಗೆ ಕುಸಿದು, ಈಗ ನಿಧಾನಕ್ಕೆ ಚೇತರಿಸಿಕೊಂಡಿದೆ. ಒಂದೇ ರಸ್ತೆ ಹಲವು ಯೂನಿಟ್ (ಬೇಟೆಗೆಂದು ಇಲಾಖೆ ಮಾಡಿದ ವಿಭಾಗ) ದಾಟುತ್ತದೆ, ಒಂದೊಂದಕ್ಕೂ ಬೇರೆ ಬೇರೆ ಲೆಕ್ಕ. ಈ ದಾರಿ ನೋಡಲೇಬೇಕು ಅನ್ನುವವರು ಆಗಸ್ಟ್‌ನಲ್ಲಿ ಬಿಲ್ಲು ಹಿಡಿದು ಹೋಗಿ. ಆಗ ಇದು ಬೇರೆಯೇ ದಾರಿ.

ಫಾರ್ಟಿಮೈಲ್: ರೆಸಿಡೆಂಟ್‌ಗಳ ಆಟ

ಫೇರ್‌ಬ್ಯಾಂಕ್ಸ್‌ನಿಂದ ಪೂರ್ವಕ್ಕೆ, ಕೆನಡಾದ ಗಡಿಯವರೆಗೆ ಮತ್ತು ಅದರಾಚೆಗೂ ಓಡಾಡುವ ಹಿಂಡು ಇದು. 1920ರ ದಶಕದಲ್ಲಿ ಲಕ್ಷಗಟ್ಟಲೆ ಇದ್ದವಂತೆ. 1970ರ ದಶಕದಲ್ಲಿ ಆರು ಸಾವಿರದ ಆಸುಪಾಸಿಗೆ ಬಂತು. ಮತ್ತೆ ಬೆಳೆದು 2017ಕ್ಕೆ 80,000 ದಾಟಿತು. ಆಮೇಲೆ ಮೇವು ಸಾಲದೆ ಸೊರಗಿ ಹೆಚ್ಚೂಕಡಿಮೆ ಅರ್ಧಕ್ಕೆ ಇಳಿದಿದೆ. ಹಾಗಾಗಿ ಇಲ್ಲಿ ಎಲ್ಲವೂ ಕೋಟಾ. ಚಳಿಗಾಲದ ಬೇಟೆ ರೆಸಿಡೆಂಟ್‌ಗಳಿಗೆ ಮಾತ್ರ, ರಿಜಿಸ್ಟ್ರೇಷನ್ ಪರ್ಮಿಟ್‌ನಲ್ಲಿ. ಕೋಟಾ ತುಂಬಿತು ಅಂದರೆ ರಾತ್ರೋರಾತ್ರಿ ಆದೇಶ ಹೊರಡಿಸಿ ಮುಚ್ಚಿಬಿಡುತ್ತಾರೆ. ಹೊರಡುವ ಬೆಳಿಗ್ಗೆಯೂ ಇಲಾಖೆಯ ಹಾಟ್‌ಲೈನ್‌ಗೆ ಫೋನ್ ಮಾಡಿಯೇ ಹೊರಡಬೇಕು. 1986ರ ಜನವರಿ 1ರ ನಂತರ ಹುಟ್ಟಿದವರು ಯೂನಿಟ್ 20ರಲ್ಲಿ ಬೇಟೆಯಾಡಲು ಹಂಟರ್ ಎಜುಕೇಷನ್ ಕೋರ್ಸ್ ಮುಗಿಸಿರಬೇಕು.

ಹೋಗಲು ಎರಡು ದಾರಿ. ಟೇಲರ್ ಹೆದ್ದಾರಿಯಲ್ಲಿ ಚಳಿಗಾಲದಲ್ಲಿ ಹಿಮ ತೆಗೆಯುವುದಿಲ್ಲ. ರಸ್ತೆಯೇ ಸ್ನೋಮಷೀನ್ ದಾರಿ ಆಗುತ್ತದೆ. ಸ್ಟೀಸ್ ಹೆದ್ದಾರಿಯಲ್ಲಿ ಸೆಂಟ್ರಲ್ ಅನ್ನುವ ಊರಿನವರೆಗೆ ಹಿಮ ತೆಗೆಯುತ್ತಾರೆ. ಈಗಲ್ ಸಮಿಟ್ ಹತ್ತಿರ ಗಾಳಿ ಎದ್ದರೆ ತೆಗೆದದ್ದೂ ಒಂದೇ ಗಂಟೆಯಲ್ಲಿ ಮುಚ್ಚಿಹೋಗುತ್ತದೆ. ಹೊಸಬರಿಗೆ ಸ್ಟೀಸ್ ಸರಿ. ಯಾವ ದಾರಿಯಾದರೂ ಒಂದು ಯಂತ್ರ ನಂಬಿ ಹೋಗಬಾರದು. ಎರಡು ಸ್ನೋಮಷೀನ್, ಇಬ್ಬರು ಮನುಷ್ಯರು, ಹೆಚ್ಚಿನ ಡ್ರೈವ್ ಬೆಲ್ಟ್, ಸ್ಪಾರ್ಕ್ ಪ್ಲಗ್. ಯಂತ್ರದಲ್ಲಿ ಪ್ರಾಣಿಯನ್ನು ಅಟ್ಟಿಸಿಕೊಂಡು ಹೋಗುವುದು ಅಪರಾಧ. ರಸ್ತೆಯ ಮೇಲಿಂದ, ರಸ್ತೆಗೆ ಅಡ್ಡಲಾಗಿ ಗುಂಡು ಹಾರಿಸುವುದೂ ಅಪರಾಧ.

ತಿಂಗಳು ಯಾವುದು ಅಂದರೆ, ಕೋಟಾ ಉಳಿದಿದ್ದರೆ ಮಾರ್ಚ್. ಡಿಸೆಂಬರ್ 21ಕ್ಕೆ ಫೇರ್‌ಬ್ಯಾಂಕ್ಸ್‌ನಲ್ಲಿ ಹಗಲು ನಾಲ್ಕು ಗಂಟೆಯೂ ಇಲ್ಲ. ಮಾರ್ಚ್ ಮೂರನೇ ವಾರಕ್ಕೆ 12 ಗಂಟೆ. ಚಳಿ ಇದ್ದೇ ಇರುತ್ತದೆ, ಆದರೆ ಬಿಸಿಲು ಮುಖಕ್ಕೆ ತಾಗುತ್ತದೆ.

ನಾವು ಹೋಗಿದ್ದು ಅಂಥ ಮಾರ್ಚ್‌ನಲ್ಲೇ. ಮೈನಸ್ 27. ಸ್ಪ್ರೂಸ್ ಮರಗಳ ಅಂಚಿನಲ್ಲಿ ಕೂತಿದ್ದೆವು. ಮೊದಲು ಕಂಡದ್ದಲ್ಲ, ಕೇಳಿದ್ದು. ಟಕ್, ಟಕ್, ಟಕ್. ಕ್ಯಾರಿಬೂ ನಡೆಯುವಾಗ ಪಾದದ ಸ್ನಾಯುರಜ್ಜು ಮೂಳೆಯ ಮೇಲೆ ಜಾರಿ ಹೀಗೆ ಸದ್ದು ಮಾಡುತ್ತದೆ. ಯಾರೋ ನೆಟಿಗೆ ಮುರಿದ ಹಾಗೆ. ಹದಿನೈದು ಇಪ್ಪತ್ತು ಸಾಲಾಗಿ ಬಂದವು. ಕೊನೆಯಿಂದ ಮೂರನೆಯದು ಕರು ಇಲ್ಲದ ಹೆಣ್ಣು. ಗೆಳೆಯ ಕುದುರೆ ಒತ್ತಿದ. ಟಪ್ ಅಂತ ಸಣ್ಣ ಸದ್ದು, ಅಷ್ಟೇ. ಕೋವಿಯ ಬೋಲ್ಟ್‌ನೊಳಗಿನ ಎಣ್ಣೆ ಚಳಿಗೆ ಅಂಟಾಗಿ, ತೋಟೆ ಸಿಡಿಸುವ ಪಿನ್ ಮೆಲ್ಲಗೆ ಹೊಡೆದಿತ್ತು. ಎರಡನೇ ಕೋವಿ ನನ್ನದು. ಹೊರಡುವ ಮುಂಚೆ ಸಾಲ್ವೆಂಟ್ ಹಾಕಿ ಎಣ್ಣೆ ಪೂರಾ ಒರೆಸಿ ಒಣಗಿಸಿದ್ದೆ, ಅದು ಹೊಡೆಯಿತು. ಕೋವಿಯನ್ನು ಬಿಸಿ ಗುಡಾರದೊಳಗೆ ತಂದು ಮತ್ತೆ ಹೊರಗೆ ಒಯ್ದರೂ ಹೀಗೇ ಆಗುತ್ತದೆ: ಹನಿ ಕಟ್ಟಿ, ಹೊರಗೆ ಮಂಜಾಗಿ, ಕೈ ಕೊಡುತ್ತದೆ. ಕೋವಿ ಹೊರಗೇ ಮಲಗಲಿ.

ಮುಂದಿನದು ಗಡಿಯಾರದ ಜೊತೆ ಓಟ. ಹೊಟ್ಟೆ ಸೀಳಿದಾಗ ಬಿಸಿ ಹಬೆ ಮುಖಕ್ಕೆ ಬಡಿದು ರೆಪ್ಪೆಯ ಮೇಲೆ ಮಂಜಾಗಿ ಕೂರುತ್ತದೆ. ತೆಳು ರಬ್ಬರ್ ಗ್ಲೌಸ್, ಅದರ ಮೇಲೆ ಉಣ್ಣೆಯದು. ಬೆರಳು ಸೆಟೆದರೆ ಪ್ರಾಣಿಯ ತೊಡೆಯ ಸಂದಿಗೆ, ಬಿಸಿ ಮಾಂಸದ ನಡುವೆ ಕೈ ಇಟ್ಟುಕೊಳ್ಳುವುದು. ಕೇಳಲು ಒಂಥರಾ ಅನ್ನಿಸಬಹುದು, ಅಲ್ಲಿ ಅದಕ್ಕಿಂತ ಸುಖ ಇನ್ನೊಂದಿಲ್ಲ. ಚಾಕು ಎರಡು ಇರಲಿ. ಒಂದರ ಮೇಲೆ ರಕ್ತ ಹೆಪ್ಪುಗಟ್ಟಿ ಕೊಯ್ಯದಂತಾದರೆ ಇನ್ನೊಂದು ಜಾಕೆಟ್ ಒಳಗೆ ಬೆಚ್ಚಗಿರಬೇಕು. ಚರ್ಮ ಸುಲಿದಾಗ ಬೆನ್ನಿನ ಉದ್ದಕ್ಕೂ ಬಿಳಿ ಹುಳುಗಳು ಕಂಡರೆ ಗಾಬರಿ ಬೇಡ. ವಾರ್ಬಲ್ ನೊಣದ ಮರಿಗಳು ಅವು. ಚರ್ಮದ ಅಡಿಯಲ್ಲೇ ಇರುತ್ತವೆ, ಮಾಂಸಕ್ಕೆ ತೊಂದರೆ ಇಲ್ಲ. ಕೀಲು ಊದಿಕೊಂಡು ಕೀವು ತುಂಬಿದ್ದರೆ ಮಾತ್ರ ಎಚ್ಚರ. ಉತ್ತರದ ಹಿಂಡುಗಳಲ್ಲಿ ಬ್ರುಸೆಲ್ಲಾ ರೋಗ ಇದೆ. ಗ್ಲೌಸ್ ತೆಗೆಯಬೇಡಿ, ಮಾಂಸ ಚೆನ್ನಾಗಿ ಬೇಯಿಸಿ ತಿನ್ನಿ, ನಾಯಿಗೂ ಹಸಿ ಮೂಳೆ ಹಾಕಬೇಡಿ.

ಒಂದು ಗುಟ್ಟು, ನಾನು ಮೊದಲ ಸಲ ಕೆಡಿಸಿಕೊಂಡು ಕಲಿತದ್ದು. ಅಷ್ಟು ಚಳಿಯಲ್ಲಿ ಮಾಂಸ ಬೇಗ ಹೆಪ್ಪುಗಟ್ಟಲಿ ಅಂತ ಹರಡಿ ಇಡಬೇಡಿ. ಸತ್ತ ಮೇಲಿನ ಬಿಗಿತ ಇಳಿಯುವ ಮುಂಚೆಯೇ ಕಲ್ಲಾದರೆ, ಮನೆಯಲ್ಲಿ ಕರಗಿದಾಗ ಸ್ನಾಯು ಸೆಟೆದು ಚಪ್ಪಲಿ ಹಾಗಾಗುತ್ತದೆ. ಕಾಲುಗಳನ್ನು ಬಟ್ಟೆ ಚೀಲಕ್ಕೆ ಹಾಕಿ, ಒಂದರ ಮೇಲೊಂದು ಒತ್ತಿಟ್ಟು, ಚರ್ಮ ಮುಚ್ಚಿ ಸ್ಲೆಡ್‌ನಲ್ಲಿ ಕಟ್ಟಿ. ಮನೆಗೆ ಬಂದು ಗ್ಯಾರೇಜ್‌ನಲ್ಲಿ ಎರಡು ಮೂರು ಡಿಗ್ರಿಯಲ್ಲಿ ನಾಲ್ಕೈದು ದಿನ ತೂಗುಹಾಕಿ. ಆಮೇಲೆ ಕಾಳುಮೆಣಸು, ಕಾಚಂಪುಳಿ ಹಾಕಿ ಮಾಡಿದ ಸಾರಿಗೆ ಅಕ್ಕಿರೊಟ್ಟಿ ಸಾಲುವುದಿಲ್ಲ.

ಸ್ಲೆಡ್‌ಗೆ ಕಟ್ಟಿದ ಮಾಂಸ ನಮ್ಮ ಗಾಡಿಯ ಹತ್ತಿರ ಬರಲು ಹಿಡಿದದ್ದು 50 ನಿಮಿಷ. ಹಾಲ್ ರೋಡ್‌ನ ಆ 40 ಕಿಲೋಮೀಟರ್ ಪಕ್ಕ ಇಟ್ಟು ನೋಡಿ. ರೆಸಿಡೆಂಟ್ ಆಗಿದ್ದು, ಸ್ನೋಮಷೀನ್ ಇರುವ ಗೆಳೆಯರಿದ್ದರೆ ಬೇರೆ ಯೋಚನೆಯೇ ಬೇಡ.

ಉಳಿದವು

ಆಂಕರೇಜ್‌ಗೆ ಹತ್ತಿರದ ನೆಲ್ಚಿನಾ ಹಿಂಡು ನಾಲ್ಕೈದು ವರ್ಷದಲ್ಲಿ ಕುಸಿದುಬಿತ್ತು, 2023ರಲ್ಲಿ ಬೇಟೆ ನಿಲ್ಲಿಸಿದರು. ಏಡಾಕ್‌ಗೆ ಕರು ಕೊಟ್ಟ ತವರು ಅದೇ. ಮಗಳ ಮನೆ ತುಂಬಿದೆ, ತವರು ಬರಿದಾಗಿದೆ. ಕೊಟ್ಜೆಬು ಕಡೆಯ ಪಶ್ಚಿಮ ಆರ್ಕ್ಟಿಕ್ ಹಿಂಡು 2003ರಲ್ಲಿ 4,90,000 ಇದ್ದದ್ದು 2023ಕ್ಕೆ 1,52,000. ಅಲ್ಲಿನ ಮೂಲನಿವಾಸಿ ಇನುಪಿಯಾಟ್ ಜನರ ವರ್ಷದ ಊಟ ಅದು. ಹೊರಗಿನವರು ಹೋಗಿ ಕೈ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಟೊರಾಂಟೊ ಕಡೆಯವರು ಕ್ವಿಬೆಕ್ ಬಗ್ಗೆ ಕೇಳುತ್ತಾರೆ. 2018ರಿಂದ ಅಲ್ಲಿ ಹವ್ಯಾಸಿ ಬೇಟೆ ಮುಚ್ಚಿದೆ. ಲ್ಯಾಬ್ರಡಾರ್‌ನಲ್ಲಿ 2013ರಿಂದಲೇ ನಿಷೇಧ. ಒಂದು ಕಾಲಕ್ಕೆ ಎಂಟು ಲಕ್ಷ ಇದ್ದ ಜಾರ್ಜ್ ರಿವರ್ ಹಿಂಡು ಎಂಟು ಸಾವಿರಕ್ಕೆ ಬಂದು ನಿಂತಿತು.

ಸಾಮಾನಿನಲ್ಲಿ ವ್ಯತ್ಯಾಸ

ಎರಡು ಜಾಗಕ್ಕೆ ಒಂದೇ ಗಂಟು ಕಟ್ಟಿಕೊಂಡು ಹೋಗಬೇಡಿ. ಏಡಾಕ್‌ಗೆ ಒದ್ದೆಯಾಗದ ಬಟ್ಟೆ ಬೇಕು: ಮೀನುಗಾರರು ಹಾಕುವ ದಪ್ಪ ರಬ್ಬರ್ ಕೋಟು, ಮಂಡಿವರೆಗಿನ ರಬ್ಬರ್ ಬೂಟು, ಒಳಗೆ ಉಣ್ಣೆ. ಅಲ್ಲಿ ಹತ್ತಿಯ ಬನಿಯನ್ ಹಾಕಿದವನು ಮಧ್ಯಾಹ್ನಕ್ಕೇ ನಡುಗುತ್ತಾನೆ. ಫಾರ್ಟಿಮೈಲ್‌ಗೆ ಗರಿಯ ದಪ್ಪ ಜಾಕೆಟ್, ಇಲ್ಲಿ ಬನ್ನಿ ಬೂಟ್ ಅಂತ ಕರೆಯುವ ಬಿಳಿ ಮಿಲಿಟರಿ ಬೂಟು, ಸ್ನೋಮಷೀನ್ ಮೇಲೆ ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್. ಮೈನಸ್ 30ರಲ್ಲಿ ಓಡಿಸಿಕೊಂಡು ಹೋಗುವಾಗ ಮೂಗಿನ ತುದಿ ಬೆಳ್ಳಗಾದದ್ದು ನಿಮಗೆ ಗೊತ್ತಾಗುವುದಿಲ್ಲ, ಜೊತೆಯವರು ನೋಡಿ ಹೇಳಬೇಕು. ಎಲ್ಲ ಕಡೆಗೂ ಸ್ಯಾಟಲೈಟ್ ಮೆಸೆಂಜರ್ ಬೇಕೇ ಬೇಕು. ಅದರ ಬ್ಯಾಟರಿ ಎದೆಗೆ ಒತ್ತಿಕೊಂಡಿರಲಿ.

ವಿಮಾನದಲ್ಲಿ ಕೋವಿ ಒಯ್ಯುವಾಗ ಗುಂಡು ತುಂಬಿರಬಾರದು, ಬೀಗ ಹಾಕಿದ ಗಟ್ಟಿ ಪೆಟ್ಟಿಗೆಯಲ್ಲಿ ಚೆಕ್-ಇನ್ ಮಾಡಬೇಕು. ತೋಟೆ 11 ಪೌಂಡ್‌ಗಿಂತ ಜಾಸ್ತಿ ಬೇಡ. ಕೌಂಟರ್‌ಗೆ ಹೋದ ಕೂಡಲೇ ನೀವೇ ಹೇಳಿ.

ಈ ಜನವರಿಗೆ ನಾವು ನಾಲ್ಕು ಜನ ಏಡಾಕ್‌ಗೆ ಹೊರಟಿದ್ದೇವೆ. ಡಲ್ಲಾಸ್‌ನವರು ಇಬ್ಬರು, ನಾನು, ಶಿವಮೊಗ್ಗದಿಂದ ಬರುವ ನನ್ನ ತಮ್ಮ. ಅವನ ಹೆಸರಿನಲ್ಲಿ ಲೈಸೆನ್ಸ್ ಇಲ್ಲ, ಬೆನ್ನಿಗೆ ದೊಡ್ಡ ಚೀಲ ಒಂದಿದೆ. ಅಡಿಕೆ ಮೂಟೆ ಹೊತ್ತು ಅಭ್ಯಾಸ ಇದೆ ಅಂತ ಅವನೇ ಹೇಳಿದ್ದಾನೆ. ವೈಪರ್ ಈ ಸಲ ಮನೆಯಿಂದಲೇ ಒಯ್ಯುತ್ತಿದ್ದೇನೆ, ಎರಡು ಜೊತೆ.